ಐದನೆಯ ತರಗತಿಯ ಆಚೆ

ಬೇಸಿಗೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷಾ ಫಲಿತಾಂಶ ಹೊರಬೀಳುತ್ತಲೇ ಹಿಂದೂಪುರದ ಬೆಲ್ಲದ ಮಂಡಿಯಿಂದ ಹಿಡಿದು ಕಲ್ಯಾಣದುರ್ಗದ ಬಸ್ಸು ನಿಲ್ದಾಣದವರೆಗೆ ಗಡಿನಾಡಿನ ಕನ್ನಡಿಗರ ಬಾಯಲ್ಲಿ ಒಂದು ಮಾತು ಕೇಳಿಬರುತ್ತದೆ: “ಕನ್ನಡ ಶಾಲೆಗೆ ಹಾಕಿದರೆ ಹುಡುಗರು ಮುಂದಕ್ಕೆ ಬರುವುದಿಲ್ಲ.” ಹೀಗೆನ್ನುವವರು ಕನ್ನಡದ ವೈರಿಗಳಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುವವರು. ಹಬ್ಬ ಹುಣ್ಣಿಮೆಗಳಿಗೆ ಪಾವಗಡ, ಶಿರಾ, ಗೌರಿಬಿದನೂರುಗಳ ನಂಟರ ಮನೆಗೆ ಹೋಗಿಬರುವವರು. ತಮ್ಮ ಮಕ್ಕಳು ತಮಗಿಂತ ಒಂದು ಮೆಟ್ಟಿಲು ಮೇಲೇರಬೇಕೆಂದು ಹಂಬಲಿಸುವವರು. ಆದುದರಿಂದ ಅವರನ್ನು ಗದರಿಸಿ ಬಾಯಿ ಮುಚ್ಚಿಸುವುದು ಸಲ್ಲದು. ಅವರ ಮಾತಿನಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬುದನ್ನು ಅಂಕಪಟ್ಟಿಯನ್ನೂ ಹಾಜರಿ ಪುಸ್ತಕವನ್ನೂ ಎದುರಿಗಿಟ್ಟುಕೊಂಡು ತೂಗಿ ನೋಡಬೇಕು. ಈ ಕಿರುಹೊತ್ತಗೆಯಲ್ಲಿ ನಾವು ಆ ಕೆಲಸಕ್ಕೆ ಕೈಹಾಕಿದ್ದೇವೆ.

ಏಕೀಕರಣದ ಹೆಸರು ಹೊತ್ತ ಸಮಿತಿಗೆ ಶಾಲೆಯ ಹಾಜರಿಯ ಲೆಕ್ಕವೇತಕ್ಕೆ ಎಂದು ಕೆಲವರು ಕೇಳಬಹುದು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಬಹುಭಾಗವು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾದಾಗಲೂ ಮಡಕಶಿರಾ ತಾಲೂಕು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಇಂದಿನ ಹೇಮಾವತಿ, ಇರುವುದು ಆ ಸೀಮೆಯಲ್ಲೇ. ಹಿಂದೂಪುರದ ಹತ್ತಿರದ ಲೇಪಾಕ್ಷಿಯ ವೀರಭದ್ರಸ್ವಾಮಿಯ ಗುಡಿಯಲ್ಲಿಯೂ ಕನ್ನಡ ಶಾಸನಗಳುಂಟು. ಇವೆಲ್ಲವನ್ನೂ ನಮ್ಮ ಮಾಲೆಯ ವಾಚಕರು ಬಲ್ಲರು. ಇಲ್ಲಿ ಮತ್ತೆ ವಿಸ್ತರಿಸುವುದಿಲ್ಲ. ಗಡಿಯ ಗೆರೆ ಯಾವ ಕಾಲಕ್ಕೆ ಎಲ್ಲಿಗೆ ಸರಿಯುವುದೋ ಅದನ್ನು ನುಡಿಯುವ ಜೋಯಿಸರು ನಾವಲ್ಲ. ಆದರೆ ನಿರ್ಣಯಗಳನ್ನು ಅಂಗೀಕರಿಸಿ ಕಾಯುತ್ತ ಕುಳಿತರೆ, ಬರುವ ಜೂನಿನಲ್ಲಿ ಮುಚ್ಚಿಹೋಗಲಿರುವ ಆರನೆಯ ತರಗತಿಯೊಂದು ನಮಗಾಗಿ ಕಾಯುವುದಿಲ್ಲ. ಅದು ಮುಚ್ಚಿದ ಹತ್ತು ವರ್ಷಗಳಿಗೆ ಆ ಊರಿನಲ್ಲಿ ಕನ್ನಡ ಪತ್ರ ಬರೆಯಬಲ್ಲ ಯುವಕರನ್ನು ಹುಡುಕಬೇಕಾಗುತ್ತದೆ. ಆಮೇಲೆ ಗೆರೆ ಯಾವ ಕಡೆಗೆ ಸರಿದರೂ ಆ ಊರಿಗೆ ಏನು ಪ್ರಯೋಜನ?

ನಮ್ಮ ಅನುಭವದಲ್ಲಿ ಗಡಿನಾಡಿನ ಕನ್ನಡ ಮಗು ದಾರಿ ತಪ್ಪುವುದು ಹತ್ತನೆಯ ತರಗತಿಯ ಪರೀಕ್ಷೆಯ ಕೊಠಡಿಯಲ್ಲಲ್ಲ. ಅದು ಐದನೆಯ ತರಗತಿಯಿಂದ ಆರನೆಯದಕ್ಕೆ ಕಾಲಿಡುವಾಗ. ಊರಿನ ಪ್ರಾಥಮಿಕ ಶಾಲೆಯಲ್ಲಿ ಐದು ವರ್ಷ ಕನ್ನಡದಲ್ಲಿ ಓದಿದ ಮಗುವಿಗೆ ಹತ್ತಿರದಲ್ಲಿ ಕನ್ನಡ ಮಾಧ್ಯಮಿಕ ತರಗತಿ ಇದ್ದರೆ ಅದು ಅದೇ ನುಡಿಯಲ್ಲಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಒಂದು ಬೇಸಿಗೆ ರಜೆಯೊಳಗೆ ಅದರ ಓದಿನ ಭಾಷೆಯೇ ಬದಲಾಗುತ್ತದೆ. ಈ ಒಡಕಿಗೆ ಕಾನೂನಿನಲ್ಲಿಯೇ ಒಂದು ಕಾರಣವಿದೆ. ಅದನ್ನು ಹಳ್ಳಿಯ ಮಹಾಜನಗಳು ಸ್ಪಷ್ಟವಾಗಿ ತಿಳಿಯುವುದು ಅವಶ್ಯ.

ನಮ್ಮ ರಾಜ್ಯಾಂಗಕ್ಕೆ ೧೯೫೬ರಲ್ಲಿ ಏಳನೆಯ ತಿದ್ದುಪಡಿಯಿಂದ ಸೇರಿದ ೩೫೦-ಎ ಅನುಚ್ಛೇದವು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸಲು ತಕ್ಕ ಸೌಕರ್ಯಗಳನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸತಕ್ಕದ್ದೆಂದು ಹೇಳುತ್ತದೆ. ‘ಪ್ರಾಥಮಿಕ ಹಂತ’ ಎಂಬ ಆ ಎರಡು ಪದಗಳ ಮೇಲೆ ವಾಚಕರು ಬೆರಳಿಡಬೇಕು. ಅದಕ್ಕೂ ಮುಂಚೆ, ೧೯೪೯ರ ಆಗಸ್ಟಿನಲ್ಲಿ ಸೇರಿದ ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನವು ಒಂದು ಅಳತೆಯನ್ನು ಗೊತ್ತುಮಾಡಿತ್ತು: ಇಡೀ ಶಾಲೆಯಲ್ಲಿ ಆ ನುಡಿಯ ಮಕ್ಕಳು ೪೦ ಮಂದಿ, ಇಲ್ಲವೆ ಒಂದು ತರಗತಿಯಲ್ಲಿ ೧೦ ಮಂದಿ ಇದ್ದರೆ ಒಬ್ಬ ಉಪಾಧ್ಯಾಯರನ್ನು ಕೊಡಬೇಕು. ಪ್ರಾಥಮಿಕದಿಂದ ಮೇಲಕ್ಕೆ ಹೋದಂತೆ ಅಳತೆ ಬಿಗಿಯಾಗುತ್ತದೆ. ದಕ್ಷಿಣ ವಲಯ ಪರಿಷತ್ತು ೧೯೫೯ರಲ್ಲಿಯೂ ಮುಖ್ಯಮಂತ್ರಿಗಳ ಸಮ್ಮೇಳನ ೧೯೬೧ರಲ್ಲಿಯೂ ಈ ರಕ್ಷಣೆಗಳನ್ನು ವಿಚಾರ ಮಾಡಿದವು. ಪ್ರೌಢ ಹಂತಕ್ಕೆ ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು ೬೦ ಮಂದಿ, ಒಂದೊಂದು ತರಗತಿಯಲ್ಲಿ ೧೫ ಮಂದಿ ಎಂಬುದು ಅಳತೆಯಾಯಿತು. ಹತ್ತು ಮಕ್ಕಳಿದ್ದ ಐದನೆಯ ತರಗತಿಗೆ ಕನ್ನಡ ಉಪಾಧ್ಯಾಯರು ದೊರೆಯುತ್ತಾರೆ. ಅದೇ ಹತ್ತು ಮಕ್ಕಳು ಮೇಲಿನ ಹಂತಕ್ಕೆ ಬಂದರೆ ಐವರು ಕಡಿಮೆ ಎಂಬ ಉತ್ತರ ದೊರೆಯುತ್ತದೆ. ಮಕ್ಕಳು ಅವರೇ, ಊರು ಅದೇ, ನುಡಿಯೂ ಅದೇ.

ಹಾಗೆ ತಡೆಯಲ್ಪಟ್ಟ ಮಗು ಬೇರೆ ಮಾಧ್ಯಮದ ತರಗತಿಗೆ ಹೋದಾಗ ಏನಾಗುತ್ತದೆಂಬುದನ್ನು ಉಪಾಧ್ಯಾಯ ವೃತ್ತಿಯಲ್ಲಿರುವ ನಾವು ಒಂದು ಲೆಕ್ಕದ ಪಾಠದಿಂದಲೇ ತೋರಿಸಬಲ್ಲೆವು. ಕನ್ನಡದಲ್ಲಿ ಭಿನ್ನರಾಶಿಯ ಮೇಲಿನ ಸಂಖ್ಯೆ ‘ಅಂಶ’, ಕೆಳಗಿನದು ‘ಛೇದ’. ತೆಲುಗಿನಲ್ಲಿ ಮೇಲಿನದು ‘ಲವಂ’, ಕೆಳಗಿನದು ‘ಹಾರಂ’. ಹಾರವೆಂದರೆ ಕೊರಳಿಗೆ ಹಾಕುವುದೆಂದೇ ತಿಳಿದಿದ್ದ ಹನ್ನೊಂದು ವರ್ಷದ ಹುಡುಗಿ ಲೆಕ್ಕ ಬಾರದೆ ಕೂರುವುದಿಲ್ಲ. ಲೆಕ್ಕದ ಹೆಸರು ತಿಳಿಯದೆ ಕೂರುತ್ತಾಳೆ. ನಮ್ಮ ‘ಸುತ್ತಳತೆ’ ಅಲ್ಲಿ ‘ಚುಟ್ಟುಕೊಲತ’. ನಮ್ಮ ‘ವಿಸ್ತೀರ್ಣ’ ಅಲ್ಲಿ ‘ವೈಶಾಲ್ಯಂ’. ವಿಜ್ಞಾನದಲ್ಲಿ ಎಲೆಯು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದನ್ನು ನಾವು ‘ದ್ಯುತಿಸಂಶ್ಲೇಷಣೆ’ ಎಂದು ಕಲಿಸುತ್ತೇವೆ. ತೆಲುಗು ಪುಸ್ತಕ ಅದನ್ನು ‘ಕಿರಣಜನ್ಯ ಸಂಯೋಗಕ್ರಿಯ’ ಎನ್ನುತ್ತದೆ. (ಎರಡೂ ಮಗುವಿನ ನಾಲಗೆಗೆ ಕಠಿಣವೇ, ಆ ಮಾತು ಬೇರೆ.) ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಗುವಿಗಂತೂ ಲಿಪಿ, ಪದ, ವಾಕ್ಯ ಎಲ್ಲವೂ ಒಂದೇ ದಿನ ಹೊಸದಾಗುತ್ತವೆ.

ಲಿಪಿಯ ಮಾತು ಬಂದುದರಿಂದ ಒಂದು ನ್ಯಾಯದ ಮಾತನ್ನೂ ಸೇರಿಸುತ್ತೇವೆ. ಕನ್ನಡ ತೆಲುಗುಗಳೆರಡೂ ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ತಲೆಕಟ್ಟಿನ ವ್ಯತ್ಯಾಸವನ್ನೂ ಬೇರೆಯಾಗಿರುವ ಕೆಲವು ಅಕ್ಷರಗಳನ್ನೂ ತೋರಿಸಿಕೊಟ್ಟರೆ ಕನ್ನಡ ಬಲ್ಲ ಮಗು ಕೆಲವೇ ವಾರಗಳಲ್ಲಿ ತೆಲುಗನ್ನು ಓದತೊಡಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ಭಾಷೆ ಬಾರದೆ ಹೋಗುತ್ತದೆಂಬ ಭಯಕ್ಕೆ ಆದುದರಿಂದ ಆಧಾರವಿಲ್ಲ. ಮಾಧ್ಯಮ ಕನ್ನಡವಾಗಿದ್ದು ತೆಲುಗನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿತ ಮಗುವಿಗೆ ಪುಟ್ಟಪರ್ತಿಯ ಕಚೇರಿಯೂ ತಿಳಿಯುತ್ತದೆ, ತುಮಕೂರಿನ ಕಾಲೇಜೂ ತಿಳಿಯುತ್ತದೆ.

ಇನ್ನು, ನಮ್ಮ ಮಾಧ್ಯಮಿಕ ಶಾಲೆಗಳ ಬೆಂಚುಗಳ ಮೇಲೆ ಕುಳಿತಿರುವವರು ಯಾರು? ಫಲಿತಾಂಶದ ಬಗ್ಗೆ ತೀರ್ಪು ಕೊಡುವವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಊರಿನಲ್ಲಿ ಕೊಳವೆಬಾವಿಯ ನೀರುಳ್ಳವರು, ಅಂಗಡಿ ಇಟ್ಟವರು, ತಿಂಗಳ ಸಂಬಳ ಬರುವವರು ತಮ್ಮ ಮಕ್ಕಳನ್ನು ಹಳದಿ ಬಸ್ಸು ಹತ್ತಿಸಿ ಪಟ್ಟಣದ ಖಾಸಗಿ ಶಾಲೆಗೆ ಕಳುಹುತ್ತಾರೆ. ಕೆಲವರು ಗಡಿ ದಾಟಿಸಿ ನಂಟರ ಮನೆಯಲ್ಲಿಟ್ಟು ಓದಿಸುತ್ತಾರೆ. ಉಳಿದವರು ಕೂಲಿಯವರ ಮಕ್ಕಳು, ಕುರಿ ಕಾಯುವವರ ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳ ಕೇರಿ ತಾಂಡಾಗಳಿಂದ ಬರುವವರು. ಹಲವು ಮನೆಗಳಲ್ಲಿ ಗಂಡುಮಗುವಿಗೆ ಖಾಸಗಿ ಶಾಲೆ, ಹೆಣ್ಣುಮಗುವಿಗೆ ಸರಕಾರಿ ಶಾಲೆ ಎಂಬ ಪಾಲುಪಟ್ಟಿ ನಡೆದುಹೋಗಿದೆ. ೨೦೨೦ರ ಜನವರಿಯಲ್ಲಿ ಆರಂಭವಾದ ‘ಅಮ್ಮ ಒಡಿ’ ಯೋಜನೆಯಂತೆ ಬಡ ತಾಯಂದಿರಿಗೆ ವರ್ಷಕ್ಕೆ ೧೫,೦೦೦ ರೂಪಾಯಿಗಳ ನೆರವು ಗೊತ್ತಾಯಿತು. ಮಕ್ಕಳನ್ನು ಶಾಲೆಯಲ್ಲಿ ಉಳಿಸಲು ಅದು ಒಳ್ಳೆಯ ಕೆಲಸವೇ. ಆದರೆ ಆ ಹಣ ಖಾಸಗಿ ಶಾಲೆಯ ಮಕ್ಕಳ ತಾಯಂದಿರಿಗೂ ಸಲ್ಲುತ್ತಿದ್ದುದರಿಂದ, ಸರಕಾರಿ ಶಾಲೆಯಿಂದ ಹೊರಹೋಗುವ ದಾರಿಗೂ ಅದೇ ಖರ್ಚಾದುದನ್ನು ನಾವು ಊರೂರಲ್ಲಿ ಕಂಡಿದ್ದೇವೆ.

ಅನಂತಪುರ ಸೀಮೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಕಲ್ಯಾಣದುರ್ಗದ ಕಡೆಯ ಕುಂದುರ್ಪಿ, ಶೆಟ್ಟೂರು ಹಳ್ಳಿಗಳಲ್ಲಿ ಮುಂಗಾರು ಬಿತ್ತನೆಯ ಕಡಲೆಕಾಯಿಯೇ ವರ್ಷದ ಭರವಸೆ. ಕಾಯಿ ಕೀಳುವ ದಿನಗಳಲ್ಲಿ ಹಾಜರಿ ಪುಸ್ತಕದ ಪುಟ ಬರಿದಾಗುತ್ತದೆ. ಬೆಳೆ ಕೈಕೊಟ್ಟ ವರ್ಷ ದೀಪಾವಳಿ ಕಳೆದೊಡನೆ ಗಂಡಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಆರನೆಯ ತರಗತಿಯ ಹುಡುಗಿ ಅಲ್ಲಿ ತಮ್ಮನನ್ನು ಎತ್ತಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಾಳೆ. ಯುಗಾದಿಗೆ ಹಿಂದಿರುಗಿದವಳು ಪರೀಕ್ಷೆಗೆ ಕೂತು ಪಡೆದ ಅಂಕ ಯಾರ ಅಂಕ? ಶಾಲೆಯದೋ, ಮಳೆಯದೋ? ಖಾಸಗಿ ಶಾಲೆ ಆರಿಸಿಕೊಂಡ ಮಕ್ಕಳನ್ನೂ ನಮ್ಮ ಶಾಲೆ ಆರಿಸದೆ ತಬ್ಬಿಕೊಂಡ ಮಕ್ಕಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲವೆಂದು ನಾವು ಹೇಳುವುದು ಇದಕ್ಕಾಗಿ. ಹಾಗೆಂದು ಉಪಾಧ್ಯಾಯರಾದವರು ಮಳೆಯ ಮೇಲೆ ಹೊಣೆ ಹೊರಿಸಿ ಕೈಕಟ್ಟಿ ಕೂರುವುದನ್ನು ನಾವು ಒಪ್ಪುವುದಿಲ್ಲ. ಎರಡು ತಿಂಗಳು ಗೈರುಹಾಜರಾಗಿ ಬಂದ ಮಗುವಿಗೆ ಪ್ರತ್ಯೇಕವಾಗಿ ಕೂಡಿಸಿ ಪಾಠ ಹೇಳುವ ಉಪಾಧ್ಯಾಯರಿರುವ ಶಾಲೆಗೂ ಇಲ್ಲದ ಶಾಲೆಗೂ ಅಜಗಜಾಂತರವಿದೆ. ಊರಿನವರು ಅದನ್ನು ಎರಡನೆಯ ವರ್ಷಕ್ಕೇ ಗುರುತಿಸುತ್ತಾರೆ.

ಈಗ ನೂರಕ್ಕೆ ಇಷ್ಟು ಎಂಬ ಲೆಕ್ಕದ ವಿಚಾರ. ಎಂಟು ಮಕ್ಕಳಿರುವ ತರಗತಿಯಲ್ಲಿ ಒಬ್ಬ ಹುಡುಗ ನಪಾಸಾದರೆ ಶಾಲೆಯ ಫಲಿತಾಂಶ ನೂರರಿಂದ ಎಂಬತ್ತೇಳೂವರೆಗೆ ಬೀಳುತ್ತದೆ, ಇಬ್ಬರಾದರೆ ಎಪ್ಪತ್ತೈದಕ್ಕೆ. ಎಂಬತ್ತು ಮಕ್ಕಳಿರುವ ಪಟ್ಟಣದ ಶಾಲೆಯಲ್ಲಿ ಎಪ್ಪತ್ತೈದಕ್ಕೆ ಇಳಿಯಬೇಕಾದರೆ ಇಪ್ಪತ್ತು ಮಂದಿ ನಪಾಸಾಗಬೇಕು. ನಮ್ಮ ಕನ್ನಡ ತರಗತಿಗಳು ಚಿಕ್ಕವು. ಒಂದು ಮನೆಯ ಜ್ವರ, ಒಂದು ಬಾಲ್ಯವಿವಾಹ, ಒಂದು ಕುಟುಂಬದ ವಲಸೆ, ಇಷ್ಟೇ ಸಾಕು ಜಿಲ್ಲೆಯ ಪಟ್ಟಿಯಲ್ಲಿ ಶಾಲೆಯ ಹೆಸರು ತಳಕ್ಕೆ ಹೋಗಲು. ಮರುವರ್ಷ ಎಂಟಕ್ಕೆ ಎಂಟೂ ತೇರ್ಗಡೆಯಾದರೆ ಅದೇ ಶಾಲೆ ನೂರಕ್ಕೆ ನೂರು ಎಂದು ಹಾರ ತುರಾಯಿ ಪಡೆಯುತ್ತದೆ. ತೆಗಳಿಕೆಯೂ ಹೊಗಳಿಕೆಯೂ ಎರಡೂ ಹುಸಿ. ಚಿಕ್ಕ ಶಾಲೆಯನ್ನು ಅಳೆಯಬೇಕಾದರೆ ಮೂರು ನಾಲ್ಕು ವರ್ಷಗಳ ಮಕ್ಕಳನ್ನು ಒಟ್ಟುಗೂಡಿಸಿ ನೋಡಬೇಕು.

ಇದಕ್ಕಿಂತಲೂ ದೊಡ್ಡ ಹುಸಿ ಇನ್ನೊಂದುಂಟು. ಪರೀಕ್ಷೆಯ ಫಲಿತಾಂಶ ಪರೀಕ್ಷೆಗೆ ಕೂತವರನ್ನು ಮಾತ್ರ ಎಣಿಸುತ್ತದೆ. ಒಂದನೆಯ ತರಗತಿಗೆ ಸೇರಿದ ಮಕ್ಕಳ ಹೆಸರುಗಳನ್ನು ದಾಖಲಾತಿ ಪುಸ್ತಕದಿಂದ ಬರೆದುಕೊಂಡು, ಎಂಟು ವರ್ಷಗಳಾದ ಮೇಲೆ ಅವರೆಲ್ಲಿದ್ದಾರೆಂದು ಊರಿನಲ್ಲಿ ವಿಚಾರಿಸಿ ನೋಡಿರಿ. ಆ ಪಟ್ಟಿಯೇ ಶಾಲೆಯ ನಿಜವಾದ ಫಲಿತಾಂಶ. ಮದರಾಸು ಆಡಳಿತದ ಕಾಲದ ಹೈಯರ್ ಎಲಿಮೆಂಟರಿ ಶಾಲೆಗಳಲ್ಲಿ ಎಂಟನೆಯ ತರಗತಿಯ ಕೊನೆಗೆ ಇ.ಎಸ್.ಎಲ್.ಸಿ. ಪರೀಕ್ಷೆ ಇರುತ್ತಿತ್ತು, ಮಾಧ್ಯಮಿಕ ಹಂತದಲ್ಲಿ ಮಗು ಎಲ್ಲಿ ನಿಂತಿದೆ ಎಂಬುದು ಹೆತ್ತವರಿಗೆ ತಿಳಿಯುತ್ತಿತ್ತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಹಿಂದಕ್ಕೆ ನಿಲ್ಲಿಸಕೂಡದೆಂದಿತು. ೨೦೧೯ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ನಿಲ್ಲಿಸುವ ಅಧಿಕಾರವನ್ನು ಸರಕಾರಗಳಿಗೆ ಬಿಟ್ಟಿತು. ನಿಲ್ಲಿಸುವುದೇ ಮದ್ದೆಂದು ನಾವು ಹೇಳುವವರಲ್ಲ. ನಿಲ್ಲಿಸಿದ ಬಡಮಗು ಹೆಚ್ಚಾಗಿ ಶಾಲೆಯನ್ನೇ ಬಿಡುತ್ತದೆ. ಆದರೆ ಆರರಲ್ಲಿ ಹುಟ್ಟಿದ ಕೊರತೆ ಹತ್ತರವರೆಗೆ ಮುಚ್ಚಿಕೊಂಡು ಬಂದು ಅಲ್ಲಿ ಒಮ್ಮೆಲೇ ಬಯಲಾಗುತ್ತದೆ. ಆಗ ಜನ ಬಯ್ಯುವುದು ಕನ್ನಡವನ್ನು.

ಉಪಾಧ್ಯಾಯರ ಕೊರತೆಯೂ ಈ ಕಥೆಯ ಒಳಗೇ ಇದೆ. ಆಂಧ್ರಪ್ರದೇಶದ ಉಪಾಧ್ಯಾಯ ಅರ್ಹತಾ ಪರೀಕ್ಷೆಯಲ್ಲಿ ಕನ್ನಡವನ್ನು ಆರಿಸಿಕೊಳ್ಳಲು ಅವಕಾಶವಿದೆ. ಜಿಲ್ಲಾ ನೇಮಕದ ಪರೀಕ್ಷೆಗಳಲ್ಲಿ ಕನ್ನಡದ ಹುದ್ದೆಗಳೂ ಬರುತ್ತವೆ. ಆದರೆ ಕನ್ನಡದಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಬೋಧಿಸಬಲ್ಲವರು ಹುಟ್ಟಬೇಕಾದುದು ಕನ್ನಡ ಮಾಧ್ಯಮಿಕ ತರಗತಿಗಳಿಂದಲೇ ಅಲ್ಲವೆ? ಇಂದು ಆರನೆಯ ತರಗತಿಯಲ್ಲಿ ಮಕ್ಕಳಿಲ್ಲವೆಂದು ಬಾಗಿಲು ಮುಚ್ಚಿದರೆ ಹದಿನೈದು ವರ್ಷಗಳ ಮೇಲೆ ಉಪಾಧ್ಯಾಯರಿಲ್ಲ; ಉಪಾಧ್ಯಾಯರಿಲ್ಲವೆಂದು ಮಕ್ಕಳು ಬರುವುದಿಲ್ಲ. ಬಿತ್ತನೆಗೆಂದು ತೆಗೆದಿಟ್ಟ ಕಡಲೆಕಾಯಿಯನ್ನು ಹುರಿದು ತಿಂದವನು ಮುಂಗಾರನ್ನು ಬಯ್ದಂತೆ ನಮ್ಮ ಸ್ಥಿತಿ. ಶಿಕ್ಷಣ ಹಕ್ಕಿನ ಕಾಯಿದೆಯ ಪರಿಶಿಷ್ಟದಲ್ಲಿ ಆರರಿಂದ ಎಂಟರವರೆಗಿನ ಹಂತಕ್ಕೆ ವಿಜ್ಞಾನ ಗಣಿತಗಳಿಗೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗಳಿಗೆ ಒಬ್ಬರು, ಹೀಗೆ ಕನಿಷ್ಠ ಮೂವರು ಉಪಾಧ್ಯಾಯರು ಬೇಕೆಂದು ಬರೆದಿದೆ. ಕನ್ನಡ ಬಲ್ಲ ಮೂವರು ಇರುವ ಶಾಲೆಯ ಫಲಿತಾಂಶವನ್ನು, ಒಬ್ಬರೇ ಎಲ್ಲ ಪಾಠಗಳನ್ನೂ ಹೇಳಬೇಕಾದ ಶಾಲೆಯ ಫಲಿತಾಂಶದೊಡನೆ ಹೋಲಿಸಿ, ದೋಷ ನುಡಿಯಲ್ಲಿದೆಯೋ ನೇಮಕದಲ್ಲಿದೆಯೋ ವಾಚಕರೇ ನಿರ್ಣಯಿಸಲಿ.

ಸರಕಾರದ ಆಜ್ಞೆಗಳು ಒಂದರ ಮೇಲೊಂದು ಬಂದು ಹೋಗುತ್ತಿವೆ. ೨೦೧೯ರ ನವೆಂಬರಿನಲ್ಲಿ ಸರಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆಜ್ಞೆ ಹೊರಟಿತು; ೨೦೨೦ರ ಏಪ್ರಿಲಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ೨೦೨೨ರ ಜೂನಿನ ೧೧೭ನೆಯ ಆಜ್ಞೆ ಪ್ರಾಥಮಿಕ ಶಾಲೆಗಳ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹತ್ತಿರದ ಹೈಸ್ಕೂಲುಗಳಿಗೆ ಜೋಡಿಸಹೊರಟಿತು. ೨೦೨೫ರಲ್ಲಿ ಅದೂ ಹಿಂತೆಗೆಯಲ್ಪಟ್ಟು ಬೇರೊಂದು ವಿಂಗಡಣೆ ಬಂದಿತು. ದೊಡ್ಡ ಭಾಷೆಯ ಶಾಲೆ ಇಂಥ ಅಲುಗಾಟಗಳನ್ನು ತಡೆದುಕೊಳ್ಳುತ್ತದೆ. ಈ ವರ್ಷ ಹೋದ ಮಕ್ಕಳು ಮುಂದಿನ ವರ್ಷ ಬಂದಾರು. ಕನ್ನಡದ ಹನ್ನೆರಡು ಮಕ್ಕಳ ತರಗತಿಯಿಂದ ಒಂದು ಜೂನಿನಲ್ಲಿ ನಾಲ್ವರು ಬೇರೆಡೆಗೆ ಹೋದರೆ ಎಂಟಾಗುತ್ತದೆ. ಎಂಟು ಹತ್ತಕ್ಕಿಂತ ಕಡಿಮೆ. ಆಜ್ಞೆ ಬದಲಾದರೂ ಹೋದವರು ಹಿಂದಿರುಗುವುದಿಲ್ಲ.

೨೦೨೨ರ ಏಪ್ರಿಲ್ ೪ರಂದು ಜಿಲ್ಲೆಯೂ ಎರಡಾಯಿತು. ಹಿಂದೂಪುರ, ಮಡಕಶಿರಾಗಳು ಪುಟ್ಟಪರ್ತಿಯನ್ನು ಕೇಂದ್ರವಾಗುಳ್ಳ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು. ಕಲ್ಯಾಣದುರ್ಗ, ರಾಯದುರ್ಗಗಳು ಅನಂತಪುರದಲ್ಲಿ ಉಳಿದವು. ಆಡಳಿತದ ಅನುಕೂಲಕ್ಕೆ ಮಾಡಿದ ಈ ವಿಂಗಡಣೆಯ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಒಬ್ಬ ಜಿಲ್ಲಾ ವಿದ್ಯಾಧಿಕಾರಿಯ ಮೇಜಿನ ಮೇಲೆ ಒಟ್ಟಿಗೆ ಕಾಣುತ್ತಿದ್ದ ಕನ್ನಡ ಮಕ್ಕಳ ಸಂಖ್ಯೆ ಈಗ ಇಬ್ಬರ ಮೇಜುಗಳ ಮೇಲೆ ಎರಡು ತುಂಡಾಗಿ ಕಾಣುತ್ತದೆ. ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಮಂಡಲಗಳವರೂ ಡಿ. ಹಿರೇಹಾಳು, ಬೊಮ್ಮನಹಾಳು ಕಡೆಯವರೂ ಒಬ್ಬರ ಲೆಕ್ಕವನ್ನು ಇನ್ನೊಬ್ಬರಿಗೆ ತಿಳಿಸುವುದು ಮೊದಲಿಗಿಂತ ಈಗ ಹೆಚ್ಚು ಅಗತ್ಯ.

ಇಂಗ್ಲಿಷಿನ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಬಚ್ಚಿಡುವುದಿಲ್ಲ. ಮಕ್ಕಳಿಗೆ ಇಂಗ್ಲಿಷ್ ಬೇಕು. ಬೇಡವೆನ್ನುವವರು ತಮ್ಮ ಮಕ್ಕಳನ್ನು ಎಲ್ಲಿ ಓದಿಸುತ್ತಿದ್ದಾರೆಂದು ಮೊದಲು ನೋಡಿಕೊಳ್ಳಲಿ. ಕನ್ನಡ ಮಾಧ್ಯಮದಲ್ಲಿ ಇಂಗ್ಲಿಷನ್ನು ಒಂದು ಭಾಷೆಯಾಗಿ ಗಟ್ಟಿಯಾಗಿ ಕಲಿಸುವುದು ಆಗದ ಕೆಲಸವಲ್ಲ, ಆದರೆ ಆಗುತ್ತಿಲ್ಲ. ಇದು ನಮ್ಮ ಶಾಲೆಗಳ ನಿಜವಾದ ಕೊರತೆ. ಹೆತ್ತವರ ದೂರಿನಲ್ಲಿ ನಿಜವಾದ ಪಾಲು ಇದೇ. ಆರನೆಯ ತರಗತಿಯ ಮಗು ಇಂಗ್ಲಿಷಿನಲ್ಲಿ ತನ್ನ ಹೆಸರು, ಊರು, ತಂದೆಯ ಉದ್ಯೋಗಗಳನ್ನು ನಾಲ್ಕು ವಾಕ್ಯಗಳಲ್ಲಿ ತಡವರಿಸದೆ ಹೇಳುವಂತಾದರೆ ಊರಿನ ಅರ್ಧ ಅಪನಂಬಿಕೆ ಅಂದೇ ಕರಗುತ್ತದೆ. ಈ ಕೆಲಸಕ್ಕೆ ಯಾವ ಸರಕಾರಿ ಆಜ್ಞೆಯೂ ಬೇಕಾಗ
ಿಲ್ಲ.

ತೆಲುಗು ನೆರೆಯವರ ಮೇಲೆ ನಮ್ಮ ಮಕ್ಕಳ ಮನಸ್ಸು ಕೆಡಿಸುವ ಮಾತುಗಳನ್ನು ಯಾರೂ ಆಡಬಾರದೆಂದು ಬೇಡುತ್ತೇವೆ. ಮೂರು ಕಡೆಗಳಲ್ಲಿ ಆಂಧ್ರದಿಂದ ಸುತ್ತುವರಿದಿರುವ ಕರ್ನಾಟಕದ ಪಾವಗಡ ತಾಲೂಕಿನಲ್ಲಿ ಮನೆಮಾತು ತೆಲುಗಾಗಿರುವ ಕುಟುಂಬಗಳು ಬಹಳ. ಇಲ್ಲಿ ನಾವು ಕೇಳುವ ನ್ಯಾಯವನ್ನು ಅಲ್ಲಿ ಅವರು ಕೇಳಿದರೆ ಕರ್ನಾಟಕ ಸರಕಾರ ಕಿವಿಗೊಡಲೇಬೇಕು. ಇಲ್ಲವಾದರೆ ನಮ್ಮ ಮನವಿಗೆ ಬಲವಿರುವುದಿಲ್ಲ. ಕರ್ನಾಟಕವು ೨೦೧೦ರ ಕಾಯಿದೆಯಿಂದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ರಚಿಸಿತು. ಹೊರಗಿನ ಗಡಿನಾಡ ಕನ್ನಡಿಗರ ಕಡೆಗೂ ಅದರ ಕೈ ಚಾಚಿದೆ. ಕಟ್ಟಡ, ಸಮಾರಂಭಗಳಿಗೆ ಬರುವ ಹಣಕ್ಕೆ ನಾವು ಕೃತಜ್ಞರು. ಆದರೆ ರಂಗಮಂಟಪವು ಭಿನ್ನರಾಶಿಯನ್ನು ಕಲಿಸುವುದಿಲ್ಲ. ಆ ಹಣದ ಒಂದು ಪಾಲಿನಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷುಗಳಿಗೆ ತಾತ್ಕಾಲಿಕ ಉಪಾಧ್ಯಾಯರ ಗೌರವಧನ ಹೊರಡಲೆಂಬುದು ನಮ್ಮ ಕೋರಿಕೆ. ಕಾಸರಗೋಡಿನ ಕನ್ನಡಿಗರು, ಕನ್ನಡ ತಿಳಿಯದ ಉಪಾಧ್ಯಾಯರನ್ನು ಕನ್ನಡ ತರಗತಿಗೆ ನೇಮಿಸಿದಾಗ ಮಕ್ಕಳ ಸಮೇತ ಶಾಲೆಯ ಮುಂದೆ ಕುಳಿತು ಪ್ರತಿಭಟಿಸಿದ್ದಾರೆ. ಅವರಿಗೆ ದೊರೆತ ಅಲ್ಪಸ್ವಲ್ಪವೂ ಹಾಗೆ ಕೇಳಿ ಪಡೆದದ್ದೇ.

ನಮ್ಮ ಹಳ್ಳಿಗಳಲ್ಲಿ ಮಾಡಬೇಕಾದುದು ಮೊದಲು ಎಣಿಕೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆ ಎಂಬ ಅಂಕಣವೊಂದುಂಟು. ಮಗುವನ್ನು ಸೇರಿಸುವ ದಿನ ಅಲ್ಲಿ ಏನು ಬರೆಯುತ್ತಾರೆಂದು ಎಷ್ಟು ಮಂದಿ ತಂದೆತಾಯಿಗಳು ನೋಡುತ್ತಾರೆ? ಮನೆಯಲ್ಲಿ ಕನ್ನಡವಾಡುವ ಮಗುವಿನ ಹೆಸರಿನ ಮುಂದೆ ತೆಲುಗು ಎಂದು ಬರೆದಿದ್ದರೆ ಆ ಮಗು ನಲವತ್ತರಲ್ಲಿಯೂ ಇಲ್ಲ, ಹತ್ತರಲ್ಲಿಯೂ ಇಲ್ಲ. ಬರೆದವರ ಕೆಟ್ಟತನವೇ ಇದಕ್ಕೆ ಕಾರಣವೆನ್ನಲಾಗದು. ಕೇಳಿದಾಗ “ಎರಡೂ ಬರುತ್ತೆ ಸ್ವಾಮಿ, ಯಾವುದಾದರೂ ಬರ್ಕೊಳ್ಳಿ” ಎಂದವರು ನಮ್ಮವರೇ. ತಪ್ಪಾಗಿದ್ದರೆ ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟು ಸರಿಪಡಿಸಿಕೊಳ್ಳಬೇಕು. ನಿಜವಾಗಿ ತೆಲುಗು ಮನೆಮಾತಾಗಿರುವ ಮಗುವನ್ನು ಸಂಖ್ಯೆ ತುಂಬಲು ಕನ್ನಡವೆಂದು ಬರೆಸುವ ಚತುರತೆ ಮಾತ್ರ ಬೇಡವೇ ಬೇಡ. ಒಂದು ಸುಳ್ಳು ಹೆಸರು ಸಿಕ್ಕಿದರೆ ಇಡೀ ಪಟ್ಟಿಯನ್ನು ಬದಿಗಿಡುತ್ತಾರೆ.

ಎರಡನೆಯದು ಹಳ್ಳಿಗಳು ಕೂಡುವುದು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆಂದು ಒಪ್ಪಿದ ಕ್ರಮಗಳಲ್ಲಿ, ಶಾಲಾವರ್ಷಕ್ಕೆ ಮುಂಚಿತವಾಗಿಯೇ ಮಕ್ಕಳ ಅರ್ಜಿಗಳನ್ನು ದಾಖಲು ಮಾಡಿಕೊಳ್ಳುವುದೂ, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಹತ್ತಿರದ ಶಾಲೆಗಳ ಮಕ್ಕಳನ್ನು ಒಂದೆಡೆ ಸೇರಿಸಿ ತರಗತಿ ನಡೆಸುವುದೂ ಸೇರಿವೆ. ೧೯೫೬ರ ನವೆಂಬರ್ ೧ರಂದು ಇದ್ದ ಸೌಕರ್ಯಗಳನ್ನು ಕಡಿಮೆ ಮಾಡದೆ ಮುಂದುವರಿಸಬೇಕೆಂಬುದೂ ಆ ಕ್ರಮಗಳಲ್ಲೊಂದು. ಒಂದು ಹಳ್ಳಿಯಲ್ಲಿ ಆರು ಮಕ್ಕಳು, ನೆರೆಯ ಹಳ್ಳಿಯಲ್ಲಿ ಐವರು, ಇನ್ನೊಂದರಲ್ಲಿ ನಾಲ್ವರು ಐದನೆಯ ತರಗತಿ ಮುಗಿಸಲಿದ್ದಾರೆಂದು ಇಟ್ಟುಕೊಳ್ಳೋಣ. ಬೇರೆಬೇರೆಯಾಗಿ ಹೋದರೆ ಮೂವರ ಅರ್ಜಿಯೂ ತಿರಸ್ಕೃತ, ಕೂಡಿಹೋದರೆ ಹದಿನೈದು. ಯಾವ ಹಳ್ಳಿಯಲ್ಲಿ ತರಗತಿ ನಡೆಯಬೇಕೆಂಬ ಜಗಳದಲ್ಲಿ ಈ ಹದಿನೈದನ್ನು ಕಳೆದುಕೊಂಡ ಊರುಗಳೂ ಉಂಟು. ದೇವರ ಉತ್ಸವಕ್ಕೆ ಕೂಡುವ ಊರುಗಳು ಶಾಲೆಗೆ ಕೂಡಲಾರವೆ? ಆರರಿಂದ ಎಂಟರವರೆಗಿನ ಶಾಲೆ ಮೂರು ಕಿಲೋಮೀಟರಿನೊಳಗೆ ದೊರೆಯಬೇಕೆಂಬುದು ಕಾಯಿದೆಯ ನಿಯಮಗಳ ಅಳತೆ. ಅದಕ್ಕಿಂತ ದೂರವಾದರೆ ವಾಹನ ಸೌಕರ್ಯವನ್ನು ಅದೇ ಅರ್ಜಿಯಲ್ಲಿ ಕೇಳಬೇಕು. ಹೆಣ್ಣುಮಕ್ಕಳ ಹೆತ್ತವರು ಮೊದಲು ಕೇಳುವ ಪ್ರಶ್ನೆ ದಾರಿಯದೇ, ಮಾಧ್ಯಮದ್ದಲ್ಲ.

ಆಂಧ್ರದ ಶಾಲೆಗಳು ಜೂನಿನ ಎರಡನೆಯ ವಾರದಲ್ಲಿ ತೆರೆಯುತ್ತವೆ. ಸಂಕ್ರಾಂತಿಗೂ ಯುಗಾದಿಗೂ ನಡುವೆ ಪಟ್ಟಿ ಸಿದ್ಧವಾಗಿ ಅರ್ಜಿ ಕಚೇರಿ ಸೇರಿರಬೇಕು. ಶಾಲೆ ತೆರೆದ ಮೇಲೆ ಹೋದವರಿಗೆ ಮುಂದಿನ ವರ್ಷ ಬನ್ನಿ ಎಂಬ ಉತ್ತರ ಕಾದಿರುತ್ತದೆ. ಪಟ್ಟಿಯಲ್ಲಿ ಮಗುವಿನ ಹೆಸರು, ಹುಟ್ಟಿದ ತಾರೀಖು, ಈಗ ಓದುತ್ತಿರುವ ಶಾಲೆ, ಮಾತೃಭಾಷೆ, ತಂದೆ ಅಥವಾ ತಾಯಿಯ ರುಜು ಇಲ್ಲವೆ ಹೆಬ್ಬೆಟ್ಟು ಇರಲಿ. ವಲಸೆ ಹೋಗಿರುವ ಕುಟುಂಬಗಳನ್ನು ಬಿಡಬಾರದು; ಬೆಂಗಳೂರಿನಲ್ಲಿರುವವರಿಗೆ ದೂರವಾಣಿಯಲ್ಲಿ ತಿಳಿಸಿ, ಹಬ್ಬಕ್ಕೆ ಬಂದಾಗ ರುಜು ಪಡೆಯಬಹುದು. ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ರಾಜ್ಯಾಂಗದ ೩೫೦ನೆಯ ಅನುಚ್ಛೇದ ಕೊಟ್ಟಿದೆ. ಆದುದರಿಂದ ಅರ್ಜಿ ಕನ್ನಡದಲ್ಲಿರಲಿ, ಓದುವವರ ಅನುಕೂಲಕ್ಕೆ ತೆಲುಗು ಪ್ರತಿಯೊಂದನ್ನು ಜೊತೆಗಿಡಿರಿ. ಒಂದು ಪ್ರತಿ ಮಂಡಲ ವಿದ್ಯಾಧಿಕಾರಿಗೆ, ಒಂದು ಜಿಲ್ಲಾ ವಿದ್ಯಾಧಿಕಾರಿಗೆ: ಹಿಂದೂಪುರ, ಮಡಕಶಿರಾ ಕಡೆಯವರು ಪುಟ್ಟಪರ್ತಿಗೆ, ಕಲ್ಯಾಣದುರ್ಗ, ರಾಯದುರ್ಗ ಕಡೆಯವರು ಅನಂತಪುರಕ್ಕೆ. ಮೂರನೆಯ ಪ್ರತಿ, ೩೫೦-ಬಿ ಅನುಚ್ಛೇದದಂತೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಅಂಚೆಯಲ್ಲಿ ಹೋಗಲಿ. ನಾಲ್ಕನೆಯ ಪ್ರತಿಯ ಮೇಲೆ ಕಚೇರಿಯ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಂಡು ಊರಿನಲ್ಲೇ ಇಟ್ಟುಕೊಳ್ಳಿರಿ. ಮೊಹರು ಹಾಕಲು ನಾಳೆ ಬನ್ನಿ ಎಂದರೆ ನಾಳೆಯೂ ಹೋಗಬೇಕು.